ಓದುವಾಕೆ ಒಬ್ಬಳು, ಅರ್ಥ ಹೇಳುವಾಕೆ ಇನ್ನೊಬ್ಬಳು

ಜಹೀರಾಬಾದಿನ ಶಿಕ್ಷಕರ ಸಭೆಯಲ್ಲಿ ನಮ್ಮ ಹೆಡ್‌ಮಾಸ್ತರರು ಹೇಳಿದ ಕತೆ ಈಗ ನಮ್ಮ ಕಡೆಯ ಸ್ಟಾಫ್‌ರೂಮುಗಳಲ್ಲೆಲ್ಲ ಚಹದ ಜೊತೆ ಸುತ್ತುತ್ತಿದೆ. ನಿಮ್ಮ ಕಿವಿಗೂ ಬಿದ್ದಿರಬಹುದು. ತೆಲುಗು ಸೀಮೆಯ ಗಡಿಯಲ್ಲಿರುವ ನಾರಾಯಣಖೇಡದ ಒಂದು ಶಾಲೆಯ ಕನ್ನಡ ಮಾಧ್ಯಮದ ಒಂಬತ್ತನೆಯ ತರಗತಿಗೆ ಹೊಸ ಮೇಡಂ ಬಂದಳಂತೆ. ಚರ್ಚಾಸ್ಪರ್ಧೆಯಲ್ಲಿ ಗೆದ್ದ ತನ್ನ ಟ್ರೋಫಿಯನ್ನು ತಂದು ಮಕ್ಕಳ ಮುಂದಿಟ್ಟಳಂತೆ. ಮಕ್ಕಳಿಗೆ ಮಾತು ಬಂತಂತೆ, ಮಾತಿನ ಹಿಂದೆ ಓದು, ಓದಿನ ಹಿಂದೆ ಅರ್ಥ. ಒಂದರ ಹಿಂದೊಂದು, ಕುರಿಗಳು ಬಂದ ಹಾಗೆ. ಕುರಿಗಳು ಹಾಗೆ ಬರುವುದಿಲ್ಲ ಎಂಬುದು ಆ ಸಭೆಯಲ್ಲಿದ್ದ ಅರ್ಧ ಜನಕ್ಕಾದರೂ ಗೊತ್ತಿತ್ತು. ಆದರೂ ಚಪ್ಪಾಳೆ ಬಿತ್ತು.

ಆ ಮೇಡಂ ನಾನು. ಫ್ಯಾನಿನ ಗಾಳಿ ತಲುಪದ ಹಿಂದಿನ ಸಾಲಿನಲ್ಲಿ ಕೂತು ಕೇಳಿದೆ. ಎದ್ದು ನಿಂತು, 'ಮಾನ್ಯ ಅಧ್ಯಕ್ಷರೇ, ಈ ಮಾತನ್ನು ನಾನು ಒಪ್ಪುವುದಿಲ್ಲ' ಎನ್ನಲು ನಾಲಿಗೆ ತುರಿಸುತ್ತಿತ್ತು. ಆದರೆ ನನಗೆ ಕಲಿಸಿದ ಚರ್ಚೆಯ ವಿದ್ಯೆಯಲ್ಲಿ ಬೈಗುಳಕ್ಕೆ ಉತ್ತರವಿತ್ತೇ ಹೊರತು ಹೊಗಳಿಕೆಗೆ ಇರಲಿಲ್ಲ. ಅಲ್ಲಿ ಸುಮ್ಮನೆ ಕೂತಿದ್ದ ಮಾತು ಇಲ್ಲಿ ಹೊರಗೆ ಬರುತ್ತಿದೆ.

ಮೊದಲು ಆ ಟ್ರೋಫಿಯ ಸಂಗತಿ. ಅದು ಬಂಗಾರದ ಬಣ್ಣ ಬಳಿದ ಪ್ಲಾಸ್ಟಿಕ್ಕು. ಬೀದರಿನಲ್ಲಿ ಕಾಲೇಜು ಓದುವಾಗ ಸಿಕ್ಕಿದ್ದು. ಬಸ್ಸಿನಲ್ಲಿ ತರುವಾಗಲೇ ಅದರ ಒಂದು ಕಿವಿ ಮುರಿಯಿತು. ಈಗ ನನ್ನ ತರಗತಿಯ ಮೇಜಿನ ಮೇಲಿದೆ. ಸುಣ್ಣಕಡ್ಡಿಯ ತುಂಡುಗಳನ್ನು ಹಾಕಿಡಲು ಅಷ್ಟು ಅನುಕೂಲವಾದ ಪಾತ್ರೆ ಇನ್ನೊಂದಿಲ್ಲ. ಮೊನ್ನೆ ತುಂಡೊಂದನ್ನು ಹುಡುಕುತ್ತ ಅದರೊಳಗೆ ಕೈಯಾಡಿಸಿದಾಗಲೇ ಇದೆಲ್ಲ ನೆನಪಿಗೆ ಬಂದದ್ದು.

ಅದನ್ನು ಗೆಲ್ಲಲು ನಾನು ಕಲಿತ ಮುಖ್ಯ ವಿದ್ಯೆ ಯಾವುದು ಬಲ್ಲಿರಾ? ಕೇಳದೆ ಇರುವುದು. ಎದುರಾಳಿ ಮಾತಾಡುವಾಗ ಕೇಳಿದಂತೆ ತಲೆಯಾಡಿಸುತ್ತ ನನ್ನ ಮುಂದಿನ ಮಾತನ್ನು ಹೊಂದಿಸಿಕೊಳ್ಳುವುದು. ಅವನ ಬಾಯಿಂದ ಜಾರಿದ ಒಂದು ಸಡಿಲ ಶಬ್ದವನ್ನು ಹಿಡಿದು ಅವನನ್ನು ವೇದಿಕೆಯಿಂದ ಇಳಿಸುವುದು. ಇದು ನನ್ನ ಮೈಗೆ ಎಷ್ಟು ಹತ್ತಿತ್ತೆಂದರೆ, ರಜೆಗೆ ತಾಂಡೂರಿಗೆ ಹೋದಾಗ ಅವ್ವ ಊಟಕ್ಕೆ ಬಡಿಸುತ್ತ ಅಪ್ಪನಿಗೆ ಎಚ್ಚರಿಕೆ ಕೊಡುತ್ತಿದ್ದಳು: "ಉಪ್ಪು ಕಮ್ಮಿ ಅದ ಅಂತ ಈಕಿ ಮುಂದ ಅನಬ್ಯಾಡ್ರಿ. ಉಪ್ಪಿನ ಪರವಾಗಿ ಎದ್ದು ನಿಂದರ್ತಾಳ, ಅನ್ನ ಆರಿ ಹೋಗ್ತದ." ಅಪ್ಪ ನನ್ನನ್ನು ಕರೆಯುತ್ತಿದ್ದುದೇ 'ವಕೀಲ ಸಾಹೇಬ್ರ' ಎಂದು.

ಇಂಥ ವಕೀಲ ಸಾಹೇಬರು ತರಗತಿಗೆ ಕಾಲಿಟ್ಟರೆ ಏನು ಮಾಡುತ್ತಾರೆ? ಪ್ರತಿ ಪಾಠದ ಕೊನೆಗೆ ಒಂದು ಚರ್ಚೆ ಇಟ್ಟರು. ಗೆದ್ದವರು ವಾರವಿಡೀ ಟ್ರೋಫಿಯನ್ನು ಮನೆಯಲ್ಲಿ ಇಟ್ಟುಕೊಳ್ಳಬಹುದು. ಹಳ್ಳಿಯ ಬಗೆಗಿನ ಪಾಠ ಮುಗಿದ ದಿನ ಹಳ್ಳಿ ಮೇಲೋ ಪಟ್ಟಣ ಮೇಲೋ ಎಂದು ಶುರುವಾಯಿತು. "ನಮ್ಮೂರಾಗ ಗಟ್ಟಿ ಹಾಲು ಸಿಗ್ತದ!" ಎಂದು ಒಬ್ಬ ಕಿರುಚಿದ. "ಖೇಡದಾಗ ಐಸ್‌ಕ್ರೀಮ್ ಸಿಗ್ತದಲೇ!" ಎಂದು ಇನ್ನೊಬ್ಬ. "ಐಸ್‌ಕ್ರೀಮ್ ಏನ್ ನಿಮ್ಮಪ್ಪ ಹಿಂಡ್ತಾನೇನು? ಅದೂ ನಮ್ಮ ಹಾಲಿಂದೇ!" ವಾದ ಒಳ್ಳೆಯದೇ. ಆದರೆ ಅಷ್ಟು ಹೊತ್ತೂ ಯಾರೂ ಪುಸ್ತಕ ತೆರೆಯಲಿಲ್ಲ. ಪಾಠದಲ್ಲಿ ಏನಿತ್ತು ಎಂಬುದು ಯಾರಿಗೂ ಬೇಕಾಗಲಿಲ್ಲ. ಗಂಟಲು ದೊಡ್ಡದಿದ್ದವರ ಮನೆಗೆ ಟ್ರೋಫಿ ಹೋಯಿತು. ಹೊಡೆದಾಟವೆಂದು ತಿಳಿದು ಹೆಡ್‌ಮಾಸ್ತರರು ಛಡಿ ಹಿಡಿದು ಓಡಿಬಂದದ್ದು ಅವರ ಕತೆಯಲ್ಲಿ ಬರುವುದಿಲ್ಲ. ಅದು ಬರಬೇಕು.

ಆ ಟ್ರೋಫಿ ಹೆಚ್ಚು ಸಲ ಹೋಗುತ್ತಿದ್ದುದು ಅಂಬಿಕಾಳ ಮನೆಗೆ. ಅಂಬಿಕಾ ನಮ್ಮ ಶಾಲೆಯ ಹೆಮ್ಮೆ. ಯಾರೇ ಅಧಿಕಾರಿ ಬರಲಿ, "ಏ, ಅಂಬಿಕಾನ್ನ ಕರೀರಿ, ಒಂದು ಪಾಠ ಓದಲಿ" ಎಂದು ಹೆಡ್‌ಮಾಸ್ತರರ ಅಪ್ಪಣೆ. ಅವಳು ಎದ್ದು ನಿಂತು, ಜಡೆ ಹಿಂದಕ್ಕೆ ಎಸೆದು, ಓದತೊಡಗಿದರೆ ಅಲ್ಪಪ್ರಾಣ ಮಹಾಪ್ರಾಣ ಒಂದೂ ಜಾರುವುದಿಲ್ಲ. ಬಂದವರು ಮೆಚ್ಚಿ ಬಿಸ್ಕತ್ತು ತಿಂದು ಹೋಗುತ್ತಿದ್ದರು.

ಒಂದು ದಿನ ಅವಳು ಕೆರೆಯ ಕಟ್ಟೆ ಒಡೆದ ಊರಿನ ಪಾಠವನ್ನು ಹೀಗೆಯೇ ಓದಿ ಮುಗಿಸಿದಳು. ನಾನು ಸಹಜವಾಗಿ ಕೇಳಿದೆ: "ಅಂಬಿಕಾ, ಆ ಊರಿನ ಮಂದಿ ಆ ರಾತ್ರಿ ಯಾಕ ಮಲಗಲಿಲ್ಲ?"

ಅವಳು ನನ್ನನ್ನೇ ನೋಡಿದಳು. ಉತ್ತರ ಗೊತ್ತಿಲ್ಲದ ಮಕ್ಕಳ ನೋಟವಲ್ಲ ಅದು. ತಪ್ಪು ಕೌಂಟರಿಗೆ ಬಂದವರನ್ನು ಗುಮಾಸ್ತರು ನೋಡುವ ನೋಟ. "ಮೇಡಂ, ನಾ ಓದಾಕಿ ಅಲ್ರಿ?" ಎಂದಳು. "ಅರ್ಥ ಹೇಳಾಕಿ ನಾ ಅಲ್ಲರಿ."

ನಾನು ನಕ್ಕೆ. ತರಗತಿಯಲ್ಲಿ ಬೇರೆ ಯಾರೂ ನಗಲಿಲ್ಲ. ಅವಳ ಮಾತಿನಲ್ಲಿ ನಗುವಂಥದ್ದು ಏನಿದೆ ಎಂದು ಎಲ್ಲರ ಮುಖದ ಮೇಲೂ ಬರೆದಿತ್ತು. ಒಬ್ಬಳೇ ನಗುವುದು ಬಹಳ ಹೊತ್ತು ಸಾಗುವುದಿಲ್ಲ. ನಗು ನಿಂತಾಗ ನನಗೆ ನನ್ನ ಮುತ್ಯಾನ, ಅವ್ವನ ಅಪ್ಪನ, ಊರು ನೆನಪಾಯಿತು.

ಅವ್ವನ ತವರು ಮೊಗುಡಂಪಲ್ಲಿಯ ಕಡೆ. ಅಲ್ಲಿಂದ ಜನ ಬೆಳಿಗ್ಗೆ ರಾಜ್ಯದ ಗಡಿ ದಾಟಿ ಬೀದರಿನ ಕಡೆ ಕೆಲಸಕ್ಕೆ ಹೋಗಿ ಸಂಜೆ ಮರಳುತ್ತಾರೆ. ಗಡಿ ಎಲ್ಲಿದೆ ಎಂದು ಕೇಳಿದರೆ, ರಸ್ತೆಯ ಡಾಂಬರಿನ ಬಣ್ಣ ಬದಲಾಗುವ ಜಾಗ ತೋರಿಸುತ್ತಾರೆ. ಶ್ರಾವಣದಲ್ಲಿ ನಾವು ತಾಂಡೂರಿನಿಂದ ಅಲ್ಲಿಗೆ ಹೋಗುತ್ತಿದ್ದೆವು. ಸಂಜೆ ಗುಡಿಯ ಕಟ್ಟೆಯ ಮೇಲೆ ಪುರಾಣ. ನಮ್ಮ ಕಡೆ ಪುರಾಣಕ್ಕೆ ಇಬ್ಬರು ಬೇಕು. ಶಾಲು ಹೊದ್ದು ಪುಸ್ತಕದ ಮುಂದೆ ಕೂತು ರಾಗವಾಗಿ ಓದುವವರೊಬ್ಬರು; ಪಕ್ಕದಲ್ಲಿ ಕೂತು, ಓದಿದವರು ನಿಲ್ಲಿಸಿದ ಕೂಡಲೇ, "ಅಂದ್ರ ಏನಾತಪಾ..." ಎಂದು ಶುರುಮಾಡಿ ಅರ್ಥ ಹೇಳುವವರೊಬ್ಬರು. ಓದುವವರು ಅರ್ಥಕ್ಕೆ ಕೈ ಹಾಕುವುದಿಲ್ಲ. ಅರ್ಥ ಹೇಳುವವರು ಪುಸ್ತಕ ಮುಟ್ಟುವುದಿಲ್ಲ. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಅಡ್ಡ ಬರುವುದು ಮರ್ಯಾದೆಯಲ್ಲ. ಎಂಟು ವರ್ಷದ ನಾನು ಒಮ್ಮೆ ಮುಂದಿನ ಸಾಲಿನಿಂದ ಎದ್ದು, "ಮುತ್ಯಾ, ಅವರು ಓದಿದ್ದೇ ಬ್ಯಾರೆ, ಇವರು ಹೇಳೂದೇ ಬ್ಯಾರೆ!" ಎಂದು ಕೂಗಿದ್ದೆ. ಮುತ್ಯಾ ನನ್ನ ಲಂಗ ಹಿಡಿದು ಕೂರಿಸಿದ. "ಬ್ಯಾರೆ ಇರಲಾಕೇ ಇಬ್ಬರು ಅದಾರ, ಸುಮ್ಮ ಕೂಡು" ಎಂದ. ನನ್ನ ಮೊದಲನೆಯ ಚರ್ಚಾಸ್ಪರ್ಧೆ ಅದೇ. ಸೋತೆ.

ಅಂಬಿಕಾ ಬೆಳೆದದ್ದೂ ಅಂಥದೇ ಒಂದು ಊರಿನಲ್ಲಿ. ಅವಳ ದೊಡ್ಡಪ್ಪ ಆ ಊರಿನ ಪುರಾಣ ಓದುವವರು. ಹಾಗಿರುವಾಗ ಅವಳು ಹೇಳಿದ್ದರಲ್ಲಿ ತಪ್ಪೇನು? ಪಾಠ ಓದುವುದು ಅವಳ ಪಾಲಿನ ಕೆಲಸ. ಅರ್ಥ ಹೇಳುವುದು ಮೇಡಮ್ಮಿನ ಪಾಲಿನದು. ಕಚೇರಿಗಳಲ್ಲಿ ಕೂತವರು 'ಗಡಿಯ ಮಕ್ಕಳ ಬಾಯಲ್ಲಿ ಮೂರು ಭಾಷೆ ಕಲೆತು ಹೋಗಿವೆ, ಅದಕ್ಕೇ ಓದಿದ್ದು ತಿಳಿಯುವುದಿಲ್ಲ' ಎಂದು ಹೇಳುವುದನ್ನು ನಾನು ಕೇಳುತ್ತಲೇ ಬಂದಿದ್ದೇನೆ. ಅಂಬಿಕಾಗೆ ಭಾಷೆಯ ತೊಡಕೇ ಇರಲಿಲ್ಲ. ತಿಳಿಯುವುದು ತನ್ನ ಕೆಲಸವೆಂದು ಅವಳಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ.

ನಾನು ಅದೇ ಪ್ರಶ್ನೆಯನ್ನು ತರಗತಿಗೆ ಎಸೆದೆ. ಕಿಟಕಿಯ ಪಕ್ಕದ ಬೆಂಚಿನಿಂದ, ಹೊರಗೆ ನೋಡುತ್ತಲೇ, ಒಂದು ಸಣ್ಣ ದನಿ ಬಂತು: "ದನಾ ಬಿಚ್ಚಿ ಬಿಟ್ಟಿದ್ರಲ್ರಿ. ಅಂದ್ರ ನೀರು ಬರ್ತದ ಅಂತ ಅವರಿಗಿ ಮೊದಲೇ ಗೊತ್ತಿತ್ತು. ಗೊತ್ತಿದ್ದವ್ರು ಹ್ಯಾಂಗ ಮಲಗ್ತಾರ್ರಿ?"

ನೀಲಮ್ಮ. ಓದಲು ಎಬ್ಬಿಸಿದರೆ ಒಂದೊಂದು ಅಕ್ಷರಕ್ಕೂ ಎಡವುವವಳು. ಅದಕ್ಕೇ ಯಾರೂ ಎಬ್ಬಿಸುತ್ತಿರಲಿಲ್ಲ.

"ಹಂಗ ಪುಸ್ತಕದಾಗ ಇಲ್ಲೇ ಇಲ್ಲ!" ಎಂದಳು ಅಂಬಿಕಾ.

"ಅದ. ಈಗೇ ಓದಿದಿ ನೀನು."

ಅಂಬಿಕಾ ಪುಟ ತಿರುವಿದಳು. ಬೆರಳು ಒಂದು ಸಾಲಿನ ಮೇಲೆ ನಿಂತಿತು. ಊರವರು ಕತ್ತಲಾಗುವ ಮೊದಲೇ ದನಗಳ ಕಣ್ಣಿ ಬಿಚ್ಚಿದರು ಎಂದು ಅಲ್ಲಿ ನಿಜವಾಗಿಯೂ ಇತ್ತು. "ಅಯ್ಯ! ಇದು ನಾ ಓದೀನಾ?" ಎಂದಳು. ಈ ಸಲ ಇಡೀ ತರಗತಿ ನಕ್ಕಿತು. ಅಂಬಿಕಾ ಕೂಡ.

ಅದೇ ವಾರ ನೀಲಮ್ಮನ ಅಪ್ಪ ಬೀರಪ್ಪ ಶಾಲೆಗೆ ಬಂದ. ಕುರಿ ಸಾಕುವ ಮನೆತನ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಕೋಲನ್ನು ಬಾಗಿಲಾಚೆ ಗೋಡೆಗೆ ಒರಗಿಸಿ ಒಳಗೆ ಬಂದು, ಕೂರಿ ಎಂದರೂ ಕೂರದೆ ಹೇಳಿದ:

"ಮೇಡಂ, ನಮ್ಮ ಪೋರಿಗಿ ಸಾಲಿ ಹತ್ತಂಗಿಲ್ರಿ. ಈ ವರ್ಷ ಮುಗೀಲಿ, ಬಿಡಸ್ತೀನಿ. ಮರಿ ನೋಡ್ಕೋತ ಮನ್ಯಾಗ ಇರ್ತಾಳ."

"ಯಾಕ್ರಿ ಬೀರಪ್ಪನವರ? ಆಕಿ ಹುಷಾರ್ ಅದಾಳ."

"ಹುಷಾರ್ ಇದ್ರ ಓದಬೇಕಲ್ರಿ? ಬಾಜೂ ಮನಿ ಅಂಬಿಕಾ ಓದಾಕ ಕುಂತ್ರ ಓಣಿಗೆಲ್ಲ ಕೇಳ್ತದ. ನಮ್ಮಾಕಿ ಓದಿದ್ರ ನಮ್ಮ ನಾಯಿಗಿ ಸೈತ ಕೇಳಂಗಿಲ್ಲ."

ಚರ್ಚಾಪಟುವಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಸಿಕ್ಕೀತೇ? ಹತ್ತನೆಯ ತರಗತಿ ಮುಗಿಸಿದರೆ ಏನೇನು ದಾರಿ ತೆರೆಯುತ್ತದೆ, ಬಿಟ್ಟರೆ ಏನೇನು ಮುಚ್ಚುತ್ತದೆ, ಹೆಣ್ಣುಮಕ್ಕಳ ಓದು, ಬೀದರಿನ ಕಾಲೇಜು, ಹಾಸ್ಟೆಲ್ಲು ಎಲ್ಲವನ್ನೂ ಕ್ರಮವಾಗಿ ಮಂಡಿಸಿದೆ. ಅವನು ಒಂದಕ್ಕೂ ಅಡ್ಡ ಬರಲಿಲ್ಲ. ಇಂಥ ಕೇಳುಗ ನನಗೆ ಯಾವ ವೇದಿಕೆಯಲ್ಲೂ ಸಿಕ್ಕಿರಲಿಲ್ಲ. ನಾನು ಮುಗಿಸಿದ ಮೇಲೆ ಅವನು ತಲೆಯಾಡಿಸಿದ. "ನೀವು ಹೇಳಿದ್ದೆಲ್ಲ ಖರೇ ಅದ್ರಿ ಮೇಡಂ. ಆದ್ರ ಆಕಿಗಿ ಓದಾಕ ಬರಂಗಿಲ್ಲ." ಕೋಲು ತೆಗೆದುಕೊಂಡು ಹೋದ.

ಅವನನ್ನು ಕಟುಕನೆಂದು ಭಾವಿಸಬೇಡಿ. ಬೀರಪ್ಪನಿಗೆ ಅಕ್ಷರ ಬರುವುದಿಲ್ಲ. ಓದು ಎಂದರೆ ಅವನಿಗೆ ಕಿವಿಗೆ ಬೀಳುವ ವಸ್ತು. ಶ್ರಾವಣದಲ್ಲಿ ಪುರಾಣದ ಮುಂದೆ ಮೊದಲು ಬಂದು ಕೂರುವವನು ಅವನೇ ಎಂದು ಅಂಬಿಕಾ ಹೇಳಿದ್ದಳು. ಇಂಪಾಗಿ, ಗಟ್ಟಿಯಾಗಿ, ತಡೆಯಿಲ್ಲದೆ ಬಂದರೆ ಅದು ಓದು. ತನ್ನ ಮಗಳ ಬಾಯಿಂದ ಬರುತ್ತಿದ್ದುದು ಹಾಗಿರಲಿಲ್ಲ. ಮತ್ತೆ, ಮಗಳನ್ನು ಅಳೆಯಲು ಅವನ ಬಳಿ ಇದ್ದ ಅಳತೆ ನಮ್ಮ ಶಾಲೆಯ ಅಳತೆಗಿಂತ ಬೇರೆಯದೇನೂ ಆಗಿರಲಿಲ್ಲ. ನಾವೂ ಅಂಬಿಕಾಳನ್ನೇ ಅಲ್ಲವೇ ಎಬ್ಬಿಸುತ್ತಿದ್ದುದು?

ಹೆಡ್‌ಮಾಸ್ತರರ ಬಳಿ ಹೋದೆ. ಅವರು ಹಾಜರಿ ಹಾಕುತ್ತಿದ್ದ ಕೈ ನಿಲ್ಲಿಸದೆ ಹೇಳಿದರು: "ಹೋದ್ರ ಹೋಗ್ಲಿ ಬಿಡ್ರಿ. ಹತ್ತನೇತ್ತೆಗಿ ಬಂದು ಆಕಿ ಏನ್ ಪಾಸಾಗ್ತಾಳ? ನಮ್ಮ ರಿಜಲ್ಟ್ ಖರಾಬ್ ಮಾಡ್ತಾಳ."

"ಸರ್, ಆಕಿಗಿ ತಿಳೀತದ. ಬ್ಯಾರೆಯವ್ರು ಓದಿದ್ರ ಎಲ್ಲರಿಗಿಂತ ಮೊದಲ ತಿಳೀತದ."

ಆಗ ಅವರು ಪೆನ್ನು ಕೆಳಗಿಟ್ಟರು. "ಬರೋಬ್ಬರ್ ಅದ. ಆದ್ರ ಪರೀಕ್ಷಾ ಹಾಲಿನಾಗ ಅಂಬಿಕಾನ್ನ ಬಾಜುಕ ಕೂಡಸ್ತೀರೇನು, ಓದಿ ಹೇಳಾಕ?"

ಹೆಡ್‌ಮಾಸ್ತರರ ಬಗ್ಗೆ ನಾನು ಏನೇ ಬರೆಯಲಿ, ಈ ಪ್ರಶ್ನೆ ನ್ಯಾಯವಾದದ್ದು ಎಂದು ಒಪ್ಪಲೇಬೇಕು. ಅವಳಿಗಿದ್ದದ್ದು ಕಿವಿಯ ಬುದ್ಧಿ. ಪರೀಕ್ಷೆ ಕೇಳುವುದು ಕಣ್ಣಿನದು. ನಡುವೆ ಒಂದು ಹಳ್ಳ. ಆದರೆ ಆ ಹುಡುಗಿಯನ್ನು ಬಿಟ್ಟುಕೊಡುವುದಿಲ್ಲ ಎಂದು ಆ ಕ್ಷಣವೇ ನಿಶ್ಚಯಿಸಿದೆ. ಸೋಲು ಒಪ್ಪದಿರುವುದು ಚರ್ಚೆಯಲ್ಲಿ ಕೆಟ್ಟ ಚಟ. ಇಲ್ಲಿ ಅದು ಉಪಯೋಗಕ್ಕೆ ಬಂತು.

ಆ ಶನಿವಾರ ತಾಂಡೂರಿನ ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟು ಯೋಚಿಸುತ್ತ ಹೋದೆ. ತಾಂಡೂರು ಹತ್ತಿರವಾದಂತೆ ರಸ್ತೆಯ ಎರಡೂ ಬದಿಗೆ ನೆಲಕ್ಕೆ ಹಾಸುವ ನೀಲಿಗಲ್ಲಿನ ಪರಸಿಗಳ ಒಟ್ಟಿಲು. ಕರಣಕೋಟದ ಸಿಮೆಂಟ್ ಫ್ಯಾಕ್ಟರಿಯಲ್ಲಿ ಅಪ್ಪ ನಿವೃತ್ತಿಯ ತನಕ ಕೆಲಸ ಮಾಡಿದವನು. ಚಿಕ್ಕವಳಿದ್ದಾಗ ಅವನ ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂತು ಗೇಟಿನ ತನಕ ಹೋಗುತ್ತಿದ್ದೆ. ಗೇಟಿನ ಪಕ್ಕ ನೋಟಿಸ್ ಹಲಗೆ. ಹೊಸ ಕಾಗದ ಅಂಟಿದ ದಿನ ಅದರ ಮುಂದೆ ಗುಂಪು. ಒಬ್ಬ ಗಟ್ಟಿಯಾಗಿ ಓದುತ್ತಿದ್ದ. ಉಳಿದವರು ಕೇಳಿ, ಆಮೇಲೆ ಜಗಳಕ್ಕೆ ನಿಲ್ಲುತ್ತಿದ್ದರು. ರಜೆ ಸಿಗುತ್ತದೆಯೆಂದು ಒಬ್ಬ, ಇಲ್ಲವೆಂದು ಇನ್ನೊಬ್ಬ. ತೆಲುಗಿನಲ್ಲಿ ಶುರುವಾದದ್ದು ಉರ್ದುವಿಗೆ ಹಾರಿ ಕನ್ನಡಕ್ಕೆ ಬಂದು ಇಳಿಯುತ್ತಿತ್ತು. ಕೊನೆಗೆ ಯಾರಾದರೂ, "ಎಲ್ಲಿ ಬರ್ದದ, ತೋರ್ಸು!" ಎನ್ನುತ್ತಿದ್ದರು.

ಊಟಕ್ಕೆ ಕೂತಾಗ ಅಪ್ಪನನ್ನು ಕೇಳಿದೆ: "ನೀ ಸಾಲಿಯಾಗ ಕಲಿತದ್ದು ಬರೇ ಕನ್ನಡ. ತೆಲುಗು ಓದಾಕ ಎಲ್ಲಿ ಕಲಿತಿ?"

"ಗೇಟಿನ ಮುಂದ" ಎಂದ ಅಪ್ಪ.

"ಯಾರು ಕಲಿಸಿದ್ರು?"

"ಯಾರು ಕಲಸ್ತಾರ? ತೋರ್ಸು ಅಂದ್ರ ತೋರಸಬೇಕಾಗ್ತಿತ್ತಲ್ಲ, ವಕೀಲ ಸಾಹೇಬ್ರ. ಜಗಳಾ ಗೆಲ್ಲೂ ಹುಕಿಗಿ ಒಂದೊಂದೇ ಅಕ್ಷರ ಹಿಡದು ಹುಡಕತಿದ್ದೆ."

ಅವ್ವ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತ, "ಜಗಳಾ ಈ ಮನಿತನದ ರೋಗ" ಎಂದಳು.

ಸೋಮವಾರ ಟ್ರೋಫಿಯನ್ನು ಸುಣ್ಣಕಡ್ಡಿಗೆ ಕೊಟ್ಟುಬಿಟ್ಟೆ. ತರಗತಿಯನ್ನು ಪುರಾಣದ ಕಟ್ಟೆ ಮಾಡಿದೆ. ಒಬ್ಬರು ಓದುವುದು, ಉಳಿದವರು ಪುಸ್ತಕ ಮುಚ್ಚಿ ಕೇಳುವುದು. ಆಮೇಲೆ ಸಣ್ಣ ಸಣ್ಣ ಗುಂಪಾಗಿ ಪರಸಿಯ ನೆಲದ ಮೇಲೆ ಕೂತು, ಕೇಳಿದ್ದಕ್ಕೆ ಅರ್ಥ ಹೇಳುವುದು. ಯಾವ ಭಾಷೆಯಲ್ಲಾದರೂ ಸರಿ. ಒಬ್ಬರ ಅರ್ಥವನ್ನು ಇನ್ನೊಬ್ಬರು ಒಪ್ಪದಿದ್ದರೆ, ಮೊದಲು ಅವರು ಹೇಳಿದ್ದನ್ನು ತಾನೇ ಹೇಳಿ, ಹೌದು ಎನಿಸಿಕೊಂಡು, ಆಮೇಲೆ ಖಂಡಿಸಬೇಕು. ಈ ಒಂದು ನಿಯಮ ನನ್ನ ಹೊಟ್ಟೆಯೊಳಗಿನ ಚರ್ಚಾಪಟುವಿಗೆ ಬಹಳ ಸಂಕಟ ಕೊಟ್ಟಿತು. ಇದೇ ನಿಯಮ ಬೀದರಿನಲ್ಲಿ ಇದ್ದಿದ್ದರೆ ನನಗೆ ಯಾವ ಟ್ರೋಫಿಯೂ ಬರುತ್ತಿರಲಿಲ್ಲ. ಜಗಳ ಮುಗಿಯದಿದ್ದರೆ ಮಾತ್ರ ಪುಸ್ತಕ ತೆರೆಯಬಹುದು. ತೆರೆದು, ಎದುರಿನವರು "ತೋರ್ಸು" ಎಂದರೆ ಸಾಲು ತೋರಿಸಬೇಕು.

ಪುಸ್ತಕ ಮುಚ್ಚಿ ಎಂದ ಮೇಲೆಯೇ ಮಕ್ಕಳಿಗೆ ಪುಸ್ತಕ ಬೇಕೆನಿಸಿತು. "ಮೇಡಂ, ಸುಳ್ಳ ಹೇಳಾಕತ್ಯಾನ್ರಿ ಇಂವ, ಜರಾ ಪುಸ್ತಕ ತೆಗಿಲಿ ಏನ್ರಿ?" ಎಂದು ಬೇಡಿಕೊಳ್ಳುವ ಮಕ್ಕಳನ್ನು ನಾನು ಅದುವರೆಗೆ ಕಂಡಿರಲಿಲ್ಲ. ನೀಲಮ್ಮ ಹುಡುಕತೊಡಗಿದಳು. ಎಲ್ಲಿ ಏನಿರಬೇಕೆಂದು ಅವಳಿಗೆ ಕೇಳಿದಾಗಲೇ ಗೊತ್ತಾಗಿರುತ್ತಿತ್ತು. ಹಾಗಾಗಿ ಅಕ್ಷರಗಳು ಅವಳಿಗೆ ಅಪರಿಚಿತ ಊರಾಗಿ ಉಳಿಯಲಿಲ್ಲ. ಕಳೆದ ಮರಿಯನ್ನು ಹುಡುಕುವ ಹೊಲವಾದವು. ಬೆರಳಿಟ್ಟು, ತುಟಿಯಲ್ಲೇ ಗುನುಗಿ, ಸಾಲು ಸಿಕ್ಕ ಕೂಡಲೇ ಗೆದ್ದ ದನಿಯಲ್ಲಿ ಓದುತ್ತಿದ್ದಳು. ಚಳಿಗಾಲ ಬರುವ ಹೊತ್ತಿಗೆ ನಿರರ್ಗಳವಾಗಿ ಓದಿದಳು ಎಂದು ನಾನು ಹೇಳಿದರೆ ಅದು ಹೆಡ್‌ಮಾಸ್ತರರ ಕತೆಯಾದೀತು. ಎಡವುತ್ತಿದ್ದಳು. ಆದರೆ ಎಡವಿದಲ್ಲಿಯೇ ನಿಲ್ಲುತ್ತಿರಲಿಲ್ಲ.

ವಿಚಿತ್ರವೆಂದರೆ ಅಂಬಿಕಾ ಎಡವತೊಡಗಿದ್ದು. ಓದುತ್ತ ಓದುತ್ತ ನಡುವೆ ನಿಂತು, ಹಿಂದಿನ ಸಾಲಿಗೆ ಮರಳಿ, "ಹಾಂ!" ಎಂದು ಮುಂದೆ ಹೋಗುತ್ತಿದ್ದಳು. ಹೆಡ್‌ಮಾಸ್ತರರು ಗಾಬರಿಯಾದರು. "ಅಂಬಿಕಾಗ ಏನಾತ್ರಿ ಮೇಡಂ? ಮೊದಲ ರೈಲಿನಂಗ ಓದ್ತಿದ್ಳು!" "ಈಗ ಸ್ಟೇಷನ್ ಬಂದ್ರ ನಿಲ್ಲಾಕತ್ಯಾಳ್ರಿ ಸರ್" ಎಂದೆ. ಅವರಿಗೆ ಸಮಾಧಾನವಾಗಲಿಲ್ಲ.

ಆಮೇಲೆ ಪಾಲಕರ ಸಭೆ. ಬೀರಪ್ಪನನ್ನು ಕರೆತರಲು ನೀಲಮ್ಮನಿಗೆ ಹೇಳಿದ್ದೆ. ಬಂದ. ಹಿಂದೆ, ಗೋಡೆಗೆ ಒರಗಿ, ಬೇರೆ ಪಾಲಕರ ಜೊತೆ ನೆಲದ ಮೇಲೆ ಕೂತ. ಬಾಗಿಲಲ್ಲಿ ಹೆಡ್‌ಮಾಸ್ತರರು ನಿಂತರು. ನಾನು ಯಾರಿಗೂ ಭಾಷಣ ಮಾಡಲಿಲ್ಲ. ಮಕ್ಕಳು ಹಿಂದೆಂದೂ ನೋಡಿರದ ಒಂದು ಗದ್ಯವನ್ನು ಅಂಬಿಕಾಳ ಕೈಗೆ ಕೊಟ್ಟೆ. ಒಬ್ಬ ಮುದುಕಿ ಬುಟ್ಟಿ ತುಂಬ ಬದನೆಕಾಯಿ ಹೊತ್ತು ಸಂತೆಗೆ ಹೋಗುತ್ತಾಳೆ. ಸಂಜೆ ಮರಳುವಾಗ ಬುಟ್ಟಿಯ ತಳದಲ್ಲಿ ಒಂದು ಬೊಗಸೆ ಬದನೆಕಾಯಿ ಉಳಿದಿರುತ್ತದೆ. ಮನೆಗೆ ಹೋಗುವ ಮೊದಲು ಅವಳು ನೆರೆಮನೆಯ ಬಾಗಿಲು ತಟ್ಟುತ್ತಾಳೆ. ಅಷ್ಟಕ್ಕೆ ಗದ್ಯ ಮುಗಿಯುತ್ತದೆ. ಅಂಬಿಕಾ ಓದಿ ಮುಗಿಸಿದಳು.

"ಬದನಿಕಾಯಿ ಯಾಕ ಉಳದವು?" ಎಂದೆ.

ಗುಂಪುಗಳಲ್ಲಿ ಗುಜುಗುಜು ಎದ್ದಿತು. ಅಂಬಿಕಾಳ ಗುಂಪು, ಮಾರಾಟವಾಗದೆ ಉಳಿದವು ಎಂದಿತು. ನೀಲಮ್ಮ ಎದ್ದಳು. "ಮಾರಾಟ ಆಗಲಿಲ್ಲ, ಅದಕ್ಕ ಉಳದವು ಅಂತ ನೀವು ಅಂತೀರಿ. ಹೌದಿಲ್ಲೋ?" ಹೌದೆಂದರು. "ನಾ ಅಂತೀನಿ, ಬೇಕಂತಲೇ ಉಳಿಸ್ಯಾಳ. ಬಾಜೂ ಮನಿಯಾಕಿಗಿ ಕೊಡಾಕ."

ಹಿಂದಿನಿಂದ ಒಂದು ದೊಡ್ಡ ದನಿ ಬಂತು: "ಅಯ್ಯ, ಸಂತಿಯಾಗ ಮಾಲ ಉಳಿದ್ರ ಯಾರಿಗಾರ ಕೊಟ್ಟು ಹೋಗ್ತಾರವ್ವಾ. ಹೊತ್ಕೊಂಡು ಹೋಗಾಕ ಭಾರ ಅಂತ. ಅದರಾಗ ಏನದ?" ಬೀರಪ್ಪ. ಗೋಡೆ ಬಿಟ್ಟು ಮುಂದೆ ಬಾಗಿದ್ದ.

ನೀಲಮ್ಮ ತಿರುಗಿದಳು. ನಿಯಮ ಅವಳ ನಾಲಿಗೆಯ ತುದಿಗೇ ಇತ್ತು. "ತೋರಸ್ರಿ ಅಪ್ಪಾ" ಎಂದುಬಿಟ್ಟಳು. "ಪುಸ್ತಕದಾಗ ಎಲ್ಲಿ ಅದ, ತೋರಸ್ರಿ."

ಬೀರಪ್ಪನಿಗೆ ಓದು ಬಾರದು ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತು. ನೀಲಮ್ಮನ ಮುಖ ಕೆಂಪೇರಿತು. ನಾನು ಬಾಯಿ ಹಾಕಬೇಕೆಂದು ಒಂದು ಹೆಜ್ಜೆ ಮುಂದಿಟ್ಟೆ. ಅಷ್ಟರಲ್ಲಿ ಅವಳು ಅಂಬಿಕಾಳ ಕೈಯಿಂದ ಹಾಳೆ ತೆಗೆದುಕೊಂಡು, ಬೆಂಚುಗಳ ನಡುವೆ ಹಾದು, ಅಪ್ಪನ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಹಾಳೆಯನ್ನು ಅವನ ತೊಡೆಯ ಮೇಲಿಟ್ಟಳು. ಬೆರಳಿಟ್ಟು ಹುಡುಕಿದಳು. ಹುಡುಕಲು ಹೊತ್ತು ಹಿಡಿಯಿತು. ಆಮೇಲೆ ಓದಿದಳು, ತಡೆದು, ಮತ್ತೆ ಹಿಡಿದು: ಮುದುಕಿ ಜ್ವರದಲ್ಲಿ ಮಲಗಿದ್ದ ವಾರವೆಲ್ಲ ನೆರೆಮನೆಯಾಕೆ ಅವಳ ಬದನೆಯ ಸಾಲಿಗೆ ನೀರು ಹಾಯಿಸಿದ್ದಳು.

ಆ ಓದು ಓಣಿಗೆಲ್ಲ ಕೇಳುವಂಥದ್ದಾಗಿರಲಿಲ್ಲ. ಅಪ್ಪನಿಗೆ ಕೇಳುವಷ್ಟೇ ಇತ್ತು.

"ಮತ್ತೊಮ್ಮೆ ಓದು" ಎಂದ ಬೀರಪ್ಪ.

ಓದಿದಳು. ಅವನ ಕಣ್ಣು ಬೆರಳಿನ ಹಿಂದೆಯೇ ಹೋಗುತ್ತಿತ್ತು.

"ವಾರೆಲ್ಲ ನೀರು ಬಿಟ್ಟಾಕಿಗಿ ಬೊಗಸಿ ಬದನಿಕಾಯಾ?" ಎಂದ ಅವನು ಕೊನೆಗೆ. "ಭಾಳ ಜೀನ ಮುದಿಕಿ ಇದ್ದಾಳ ಬಿಡು." ಪಾಲಕರೆಲ್ಲ ಗೊಳ್ಳೆಂದು ನಕ್ಕರು. ಅಲ್ಲಿಂದ ಮುಂದೆ ಚರ್ಚೆ ಮಕ್ಕಳ ಕೈ ಬಿಟ್ಟು ಹಿಂದಿನ ಗೋಡೆಗೆ ಹೋಯಿತು. ಬೊಗಸೆ ಸಾಕೋ ಸಾಲದೋ ಎಂದು ಅಮ್ಮಂದಿರೂ ಅಪ್ಪಂದಿರೂ ಎರಡು ಪಕ್ಷವಾದರು. ಬಾಗಿಲಲ್ಲಿದ್ದ ಹೆಡ್‌ಮಾಸ್ತರರು ಮುದುಕಿಯ ಪರವಾಗಿ ಒಂದು ಮಾತು ಆಡಿದ್ದನ್ನು ನಾನೇ ಕೇಳಿದ್ದೇನೆ.

ಹೋಗುವಾಗ ಬೀರಪ್ಪನನ್ನು ಬಾಗಿಲಲ್ಲಿ ತಡೆದೆ. "ಏನಂತೀರಿ?" ಅವನು ಕೋಲು ಎತ್ತಿಕೊಂಡ. "ನೋಡೂಣ್ರಿ ಮೇಡಂ. ಮರಿ ಭಾಳ ಆಗ್ಯಾವ ಈ ಸಲ." ಅಷ್ಟೇ.

ಹೆಡ್‌ಮಾಸ್ತರರ ಕತೆಯಲ್ಲಿ ಈ 'ನೋಡೂಣ' ಇಲ್ಲ. ಅಲ್ಲಿ ಚಪ್ಪಾಳೆಯ ಮುಂಚೆ ಎಲ್ಲ ನೆಟ್ಟಗಾಗಿಬಿಡುತ್ತದೆ. ಅದಕ್ಕೇ ನನ್ನ ತಕರಾರು. ಅರ್ಥ ಗುಡಿಯ ಕಟ್ಟೆಯದು, 'ತೋರ್ಸು' ಫ್ಯಾಕ್ಟರಿ ಗೇಟಿನದು, ಹುಡುಕಿದ್ದು ನೀಲಮ್ಮ. ನನ್ನದು ಅಂತ ಇದ್ದದ್ದು ಒಂದು ಕಿವಿ ಮುರಿದ ಟ್ರೋಫಿ, ಅದು ಕೆಲಸಕ್ಕೆ ಬರಲಿಲ್ಲ. ಮತ್ತು ಯಾವುದೂ ಇನ್ನೂ ಮುಗಿದಿಲ್ಲ.

ಶಾಲೆಗೆ ಬೇಸಿಗೆಯ ರಜೆ ಬಿಟ್ಟ ದಿನ ನಾರಾಯಣಖೇಡದ ಬಸ್‌ಸ್ಟ್ಯಾಂಡಿನಲ್ಲಿ ತಾಂಡೂರಿಗೆ ಹೋಗಲು ಜಹೀರಾಬಾದಿನ ಬಸ್ಸಿಗಾಗಿ ಕಾಯುತ್ತಿದ್ದೆ. ಮಾರ್ಕೆಟ್ಟಿನಿಂದ ತೊಗರಿಯ ಧೂಳು ತೇಲಿಬರುತ್ತಿತ್ತು. ಪಕ್ಕದ ಬಸ್ಸಿನ ಕಿಟಕಿಯಿಂದ ಯಾರೋ ಕರೆದರು. ಬೀರಪ್ಪ, ಹೆಗಲ ಕಂಬಳಿ ಮಡಿಚಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

"ಮೇಡಂ, ಆ ಬದನಿಕಾಯಿ ಮುದಿಕಿ ಬಗ್ಗಿ ನಾ ಇನ್ನೂ ಒಪ್ಪಿಲ್ರಿ" ಎಂದ. "ಹಟ್ಟಿಯಾಗ ಕುಂತು ಭಾಳ ವಿಚಾರ ಮಾಡೀನಿ. ಆಕಿ ಮಾರಾಕ ನೋಡ್ಯಾಳ, ಆಗಿಲ್ಲ, ಆಮ್ಯಾಲ ಬಾ‌ಜೂ ಮನಿಯಾಕಿ ನೆನಪಾಗ್ಯಾಳ. ನೀಲಿ ಹಂಗಲ್ಲ ಅಂತಾಳ. ದಿನಾ ಇದೇ ಜಗಳಾ ನಮ್ಮ ಮನ್ಯಾಗ."

"ಹತ್ತನೇತ್ತೆಗಿ ಕಳಸ್ತೀರಿಲ್ಲ?"

"ಮುದಿಕಿದು ಹೇಳ್ರಿ ಮೊದಲ" ಎಂದ ಅವನು, ನಗುತ್ತ. ಕಂಡಕ್ಟರ್ ಸೀಟಿ ಊದಿದ. ಬಸ್ಸು ಹಿಂದಕ್ಕೆ ಸರಿದು ತಿರುಗತೊಡಗಿತು. ನಾನು ಚೀಲ ಹೆಗಲಿಗೇರಿಸಿ ಕಿಟಕಿಯ ಜೊತೆಗೇ ನಡೆದೆ, ಆಮೇಲೆ ಓಡಿದೆ, ಬೆಳಿಗ್ಗೆಯಿಂದ ನೀಟಾಗಿ ಉಟ್ಟಿದ್ದ ಸೀರೆಯ ನೆರಿಗೆ ಕಾಲಿಗೆ ತೊಡರಿದರೂ ಬಿಡದೆ.

"ಆತ್ರಿ ಬೀರಪ್ಪನವರ, ನೀವು ಅಂದದ್ದೇ ಖರೇ ಇರಲಿ. ಆದ್ರ ನೀಲಮ್ಮ ಸಾಲಿ ಬಿಟ್ಟು ಮರಿ ಹಿಂದ ಹ್ವಾದ ಮ್ಯಾಲ, ಪುಸ್ತಕದಾಗ ಇಂಥಾ ಮುದಿಕಿ ಇನ್ನೊಬ್ಬಾಕಿ ಬಂದ್ರ, ಆಕಿ ಏನ್ ಮಾಡಿದ್ಳು ಅಂತ ನಿಮ್ಮ ತೊಡಿ ಮ್ಯಾಲ ಹಾಳಿ ಇಟ್ಟು, ಬೆರಳು ಹಿಡದು ತೋರ್ಸವ್ರು ಯಾರ್ರಿ?"